ಡಾಲಸ್ಸಾ, ಹೂಸ್ಟನ್ನಾ? ಆಫರ್‌ಗೆ ಹೂಂ ಅನ್ನುವ ಮೊದಲು

ಡಾಲಸ್‌ನಲ್ಲಿ ಒಂದು ಕೆಲಸದ ಆಫರ್, ಹೂಸ್ಟನ್‌ನಲ್ಲಿ ಇನ್ನೊಂದು. ಎರಡೂ ಅಮೆರಿಕದ ಟೆಕ್ಸಸ್ ರಾಜ್ಯದ ಊರುಗಳು. ಸಂಬಳ ಹೆಚ್ಚುಕಡಿಮೆ ಒಂದೇ. ಯಾವುದಕ್ಕೆ ಹೋಗಲಿ ಅಂತ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದರೆ ಡಾಲಸ್‌ನವರು ಡಾಲಸ್ ಅನ್ನುತ್ತಾರೆ, ಹೂಸ್ಟನ್‌ನವರು ಹೂಸ್ಟನ್ ಅನ್ನುತ್ತಾರೆ, ಆಸ್ಟಿನ್‌ನಲ್ಲಿ ಇರುವ ಯಾರೋ ಒಬ್ಬರು ಎರಡೂ ಬೇಡ ಅನ್ನುತ್ತಾರೆ. ಯಾರೂ ಸುಳ್ಳು ಹೇಳುತ್ತಿಲ್ಲ. ಪ್ರತಿಯೊಬ್ಬರೂ ತಾವಿರುವ ಬಡಾವಣೆಯ ಕಥೆ ಹೇಳುತ್ತಿದ್ದಾರೆ, ಅಷ್ಟೇ.

ಡಾಲಸ್-ಫೋರ್ಟ್ ವರ್ತ್ ಪ್ರದೇಶದಲ್ಲಿ 80 ಲಕ್ಷಕ್ಕಿಂತ ಜಾಸ್ತಿ ಜನ ಇದ್ದಾರೆ. ಹೂಸ್ಟನ್ ಪ್ರದೇಶ 70 ಲಕ್ಷ ದಾಟಿದೆ. ಇಷ್ಟು ದೊಡ್ಡ ಜಾಗದ ಬಗ್ಗೆ 'ಚೆನ್ನಾಗಿದೆ', 'ಚೆನ್ನಾಗಿಲ್ಲ' ಅನ್ನುವುದಕ್ಕೆ ಅರ್ಥವೇ ಇಲ್ಲ. ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ ಅನ್ನುವುದು ಎರಡಕ್ಕೂ ಒಂದೇ, ಹಾಗಾಗಿ ಅದನ್ನು ಲೆಕ್ಕದಿಂದ ತೆಗೆದುಬಿಡಿ. ನನ್ನ ಪ್ರಕಾರ ನಿಜವಾಗಿ ನೋಡಬೇಕಾದ್ದು ಎರಡೇ: ಈ ಕೆಲಸ ಹೋದರೆ ಮುಂದಿನ ಕೆಲಸ ಎಲ್ಲಿ ಸಿಗುತ್ತದೆ, ಮತ್ತು ಆಫೀಸಿನಿಂದ ಇಪ್ಪತ್ತೈದು ನಿಮಿಷದ ಒಳಗೆ ನಿಮಗೆ ಇಷ್ಟವಾಗುವ ಮನೆ ಇದೆಯಾ. ಉಳಿದದ್ದೆಲ್ಲ ಆಮೇಲೆ.

ಹೆಜ್ಜೆ 1: ಮುಂದಿನ ಕೆಲಸದ ಪಟ್ಟಿ ಬರೆಯಿರಿ

ಒಂದು ಹಾಳೆಯಲ್ಲಿ ಎರಡು ಊರಿನ ಹೆಸರು ಬರೆಯಿರಿ. ಕೆಳಗೆ, ಆಫರ್ ಕೊಟ್ಟ ಕಂಪನಿಯನ್ನು ಬಿಟ್ಟು, ನಿಮ್ಮದೇ ಕೆಲಸಕ್ಕೆ ಜನರನ್ನು ತೆಗೆದುಕೊಳ್ಳುವ ಬೇರೆ ಕಂಪನಿಗಳನ್ನು ಬರೆಯಿರಿ. ಸುಮ್ನೆ ಊಹೆ ಬೇಡ, ಲಿಂಕ್ಡ್‌ಇನ್‌ನಲ್ಲಿ ನಿಮ್ಮ ಹುದ್ದೆಯ ಹೆಸರು ಹಾಕಿ ಹುಡುಕಿ ನೋಡಿ.

ಎಚ್1ಬಿ (ಕಂಪನಿ ಅರ್ಜಿ ಹಾಕಿ ಕೊಡಿಸುವ ಕೆಲಸದ ವೀಸಾ) ಮೇಲೆ ಇರುವವರಿಗೆ ಇದು ಎಲ್ಲಕ್ಕಿಂತ ಮುಖ್ಯ. ಕೆಲಸ ಹೋದರೆ ಇನ್ನೊಬ್ಬರು ನಿಮ್ಮ ಪರವಾಗಿ ಅರ್ಜಿ ಹಾಕಲು ಸಿಗುವ ಸಮಯ ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಊರು ಬದಲಾಯಿಸಿ, ಲೀಸ್ (ಇಲ್ಲಿ ತಿಂಗಳ ಬಾಡಿಗೆಯ ಒಪ್ಪಂದಕ್ಕೇ ಹಾಗೆನ್ನುತ್ತಾರೆ) ಮುರಿದು, ಹೊಸ ಕಡೆ ಇಂಟರ್‌ವ್ಯೂ ಕೊಡುವುದು ತಲೆನೋವು. ಅದೇ ಊರಿನಲ್ಲೇ ಹತ್ತು ಬಾಗಿಲು ತಟ್ಟುವಂತಿದ್ದರೆ ರಾತ್ರಿ ನಿದ್ದೆಯಾದರೂ ಬರುತ್ತದೆ.

ಹೂಸ್ಟನ್ ಅಂದರೆ ಮೊದಲು ಎಣ್ಣೆ, ಗ್ಯಾಸ್, ಕೆಮಿಕಲ್. ಎಕ್ಸಾನ್‌ಮೊಬಿಲ್ ಉತ್ತರದ ಸ್ಪ್ರಿಂಗ್‌ನಲ್ಲಿದೆ. ಕಾನಕೊಫಿಲಿಪ್ಸ್, ಫಿಲಿಪ್ಸ್ 66, ಆಕ್ಸಿಡೆಂಟಲ್ ಎಲ್ಲ ಇಲ್ಲಿಯವೇ. ಷೆವ್ರಾನ್ ಕೂಡ ಕ್ಯಾಲಿಫೋರ್ನಿಯಾ ಬಿಟ್ಟು ಮುಖ್ಯ ಕಚೇರಿಯನ್ನು ಇಲ್ಲಿಗೆ ತರುವುದಾಗಿ 2024 ರಲ್ಲಿ ಹೇಳಿತು. ಎರಡನೆಯದು ಆಸ್ಪತ್ರೆ ಮತ್ತು ಸಂಶೋಧನೆ. ಟೆಕ್ಸಸ್ ಮೆಡಿಕಲ್ ಸೆಂಟರ್ ಜಗತ್ತಿನಲ್ಲೇ ಅತಿ ದೊಡ್ಡ ವೈದ್ಯಕೀಯ ಸಂಕೀರ್ಣ. ಕ್ಯಾನ್ಸರ್‌ಗೆ ಹೆಸರಾದ ಎಂಡಿ ಆಂಡರ್ಸನ್ ಅಲ್ಲೇ ಇದೆ. ಬಯೋಟೆಕ್, ಬಯೋಸ್ಟ್ಯಾಟಿಸ್ಟಿಕ್ಸ್, ಪೋಸ್ಟ್‌ಡಾಕ್ ಜನ ಯೋಚಿಸುವುದೇ ಬೇಡ, ಹೂಸ್ಟನ್‌ಗೆ ಹೋಗಿ. ಇದರ ಮೇಲೆ ಬಂದರು ಇದೆ, ನಾಸಾದ ಜಾನ್ಸನ್ ಸ್ಪೇಸ್ ಸೆಂಟರ್ ಇದೆ. (ನಾಸಾ ನೋಡಿ ಆಸೆಪಡುವವರಿಗೆ ಒಂದು ಮಾತು: ಅಲ್ಲಿನ ಬಹುಪಾಲು ಕೆಲಸಗಳಿಗೆ ಪೌರತ್ವವೋ ಗ್ರೀನ್ ಕಾರ್ಡೋ ಕೇಳುತ್ತಾರೆ.)

ಡಾಲಸ್ ಕಡೆ ಪಟ್ಟಿ ಬೇರೆ ಥರ. ಬ್ಯಾಂಕು, ವಿಮೆ, ಟೆಲಿಕಾಂ, ಚಿಪ್, ವಿಮಾನ. ಪ್ಲೇನೊದಲ್ಲಿ ಜೆಪಿ ಮಾರ್ಗನ್, ಕ್ಯಾಪಿಟಲ್ ಒನ್, 2017 ರಲ್ಲಿ ಬಂದ ಟೊಯೋಟಾ. ವೆಸ್ಟ್‌ಲೇಕ್‌ನಲ್ಲಿ ಚಾರ್ಲ್ಸ್ ಶ್ವಾಬ್ ಮತ್ತು ಫಿಡೆಲಿಟಿ. ರಿಚರ್ಡ್‌ಸನ್‌ನಲ್ಲಿ ಸ್ಟೇಟ್ ಫಾರ್ಮ್ ಮತ್ತು ಟೆಲಿಕಾಂ ಕಾರಿಡಾರ್ ಅಂತ ಕರೆಯುವ ಪ್ರದೇಶ. ಡಾಲಸ್‌ನಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್, ಫೋರ್ಟ್ ವರ್ತ್‌ನಲ್ಲಿ ಅಮೆರಿಕನ್ ಏರ್‌ಲೈನ್ಸ್, ಅರ್ವಿಂಗ್‌ನಲ್ಲಿ ಮೆಕೆಸನ್. ಬೆಂಗಳೂರಿನಲ್ಲಿ ಐಟಿ ಸೇವೆಯಲ್ಲಿ ಇದ್ದವರಿಗೆ ಇವುಗಳಲ್ಲಿ ಒಂದೆರಡಾದರೂ ಕ್ಲೈಂಟ್ ಆಗಿ ಪರಿಚಯ ಇರುತ್ತವೆ, ಅಲ್ವಾ? ಜಾವಾ, ಡೇಟಾ, ಕ್ಲೌಡ್, ಟೆಸ್ಟಿಂಗ್ ಯಾವುದೇ ಇರಲಿ, ಮುಂದಿನ ಕೆಲಸ ಸಿಗುವ ಸಾಧ್ಯತೆ ಇಲ್ಲಿ ಜಾಸ್ತಿ.

ಆದರೆ ಪಟ್ಟಿ ಉದ್ದ ಇದ್ದ ಮಾತ್ರಕ್ಕೆ ಆಗಲಿಲ್ಲ. ಹೂಸ್ಟನ್‌ನಲ್ಲಿ ನಿಮ್ಮ ಹತ್ತು ಹೆಸರುಗಳೂ ಕಚ್ಚಾ ತೈಲದ ಬೆಲೆಯನ್ನೇ ನಂಬಿಕೊಂಡಿದ್ದರೆ ಅದು ಹತ್ತಲ್ಲ, ಒಂದೇ. 2014 ರ ಕೊನೆಯಲ್ಲಿ ಬೆಲೆ ಬಿದ್ದಾಗ, ಆಮೇಲೆ 2020 ರಲ್ಲಿ ಮತ್ತೆ ಬಿದ್ದಾಗ, ಒಂದು ಕಂಪನಿ ಜನರನ್ನು ತೆಗೆಯುತ್ತಿದ್ದ ಹೊತ್ತಿಗೇ ಎದುರು ಕಟ್ಟಡದ ಕಂಪನಿಯೂ ತೆಗೆಯುತ್ತಿತ್ತು. ಎಣ್ಣೆ ಕಂಪನಿಯ ಐಟಿ ವಿಭಾಗಕ್ಕೆ ಹೋಗುವವರು ಇದನ್ನು ನೆನಪಿಟ್ಟುಕೊಳ್ಳಿ. ಪೆಟ್ರೋಲಿಯಂ ಅಥವಾ ಕೆಮಿಕಲ್ ಎಂಜಿನಿಯರ್ ಆಗಿದ್ದರೆ ಬೇರೆ ದಾರಿ ಇಲ್ಲ, ಏರಿಳಿತದ ಜೊತೆಗೇ ಬದುಕಬೇಕು, ಕೈಯಲ್ಲಿ ಆರು ತಿಂಗಳ ಖರ್ಚು ಇಟ್ಟುಕೊಂಡಿರಬೇಕು.

ಹೆಜ್ಜೆ 2: ಆಫೀಸಿನ ಪೂರ್ತಿ ವಿಳಾಸ ಕೇಳಿ

'ಡಾಲಸ್ ಆಫೀಸ್' ಅನ್ನುವುದು ವಿಳಾಸ ಅಲ್ಲ. ರಸ್ತೆಯ ಹೆಸರು, ಝಿಪ್ ಕೋಡ್ ಸಮೇತ ಎಚ್ಆರ್‌ಗೆ ಕೇಳಿ. ವಾರಕ್ಕೆ ಎಷ್ಟು ದಿನ ಹೋಗಬೇಕು ಅನ್ನುವುದನ್ನೂ ಇಮೇಲ್‌ನಲ್ಲೇ ಕೇಳಿ, ಬಾಯಿಮಾತಿಗೆ ಬಿಡಬೇಡಿ.

ಯಾಕೆ ಅಂದರೆ, ಡಾಲಸ್ ಅಂತ ಹೇಳಿದ ಕೆಲಸ ಪ್ಲೇನೊದಲ್ಲಿ ಇರಬಹುದು, ಲಾಸ್ ಕೊಲಿನಾಸ್‌ನಲ್ಲಿ ಇರಬಹುದು, ವೆಸ್ಟ್‌ಲೇಕ್‌ನಲ್ಲಿ ಇರಬಹುದು. ಹೂಸ್ಟನ್ ಅಂತ ಹೇಳಿದ್ದು ಡೌನ್‌ಟೌನ್ ಆಗಿರಬಹುದು, ಪಶ್ಚಿಮದ ಎನರ್ಜಿ ಕಾರಿಡಾರ್ ಆಗಿರಬಹುದು, ದಕ್ಷಿಣದ ಕ್ಲಿಯರ್ ಲೇಕ್ ಆಗಿರಬಹುದು, ಉತ್ತರದ ಸ್ಪ್ರಿಂಗ್ ಆಗಿರಬಹುದು. ಕ್ಲಿಯರ್ ಲೇಕ್‌ಗೂ ಸ್ಪ್ರಿಂಗ್‌ಗೂ ಮಧ್ಯೆ 50 ಮೈಲಿಯ ಹತ್ತಿರ ಇದೆ, ಮತ್ತು ಆ ದಾರಿ ಪೂರ್ತಿ ಊರಿನ ನಡುವೆಯೇ ಹೋಗುತ್ತದೆ.

ವಿಳಾಸ ಸಿಕ್ಕ ಮೇಲೆ ಕಂಪ್ಯೂಟರ್‌ನಲ್ಲಿ ಗೂಗಲ್ ಮ್ಯಾಪ್ಸ್ ತೆರೆಯಿರಿ. ನೋಡಿಕೊಂಡ ಅಪಾರ್ಟ್‌ಮೆಂಟಿನಿಂದ ಆಫೀಸಿಗೆ ದಾರಿ ಹಾಕಿ, ಮಂಗಳವಾರ ಅಥವಾ ಬುಧವಾರ ಬೆಳಿಗ್ಗೆ 8.30 ಕ್ಕೆ ತಲುಪುವಂತೆ ಸಮಯ ಕೊಡಿ. '25 ರಿಂದ 55 ನಿಮಿಷ' ಅಂತ ತೋರಿಸಿದರೆ 55 ಅನ್ನೇ ನಂಬಿ. ಸಂಜೆ 5.30 ಕ್ಕೆ ವಾಪಸ್ ಬರುವುದನ್ನೂ ಹಾಗೇ ನೋಡಿ. ಹೂಸ್ಟನ್‌ನ ಕೇಟಿ ಫ್ರೀವೇ ಪಕ್ಕದ ಫೀಡರ್ ರಸ್ತೆಗಳನ್ನೂ ಸೇರಿಸಿ ಕೆಲವು ಕಡೆ 26 ಲೇನ್ ಇದೆ, ಆದರೂ ಸಂಜೆ ನಿಲ್ಲುತ್ತದೆ. ಡಾಲಸ್‌ನಲ್ಲಿ ಯುಎಸ್ 75 ಮತ್ತು 635 ಹೆದ್ದಾರಿಗಳೂ ಹಾಗೆಯೇ.

ಟೋಲ್ ಲೆಕ್ಕ ಮರೆಯಬೇಡಿ. ಡಾಲಸ್‌ನ ಉತ್ತರ ಭಾಗದಲ್ಲಿ, ಅಂದರೆ ನಮ್ಮವರು ಜಾಸ್ತಿ ಇರುವ ಫ್ರಿಸ್ಕೊ, ಪ್ಲೇನೊ ಕಡೆ, ಬೇಗ ಹೋಗುವ ರಸ್ತೆಗಳೆಲ್ಲ ಟೋಲ್: ಡಾಲಸ್ ನಾರ್ತ್ ಟೋಲ್‌ವೇ, 121 ರ ಸ್ಯಾಮ್ ರೇಬರ್ನ್, ಜಾರ್ಜ್ ಬುಷ್. ಹೂಸ್ಟನ್‌ನಲ್ಲಿ ಬೆಲ್ಟ್‌ವೇ 8, ವೆಸ್ಟ್‌ಪಾರ್ಕ್, ಹಾರ್ಡಿ. ಒಂದು ಸಲಕ್ಕೆ ಎಷ್ಟು ಅಂತ ನೋಡಿ, ಎರಡರಿಂದ ಗುಣಿಸಿ, ತಿಂಗಳ ಆಫೀಸ್ ದಿನಗಳಿಂದ ಗುಣಿಸಿ, ಬಂದದ್ದನ್ನು ಬಾಡಿಗೆಗೆ ಸೇರಿಸಿ. ದೂರದ ಅಗ್ಗದ ಮನೆ ಆಗ ಅಷ್ಟೇನೂ ಅಗ್ಗ ಅನ್ನಿಸುವುದಿಲ್ಲ. ಡಾಲಸ್‌ನ ಟೋಲ್‌ಟ್ಯಾಗ್ ಹೂಸ್ಟನ್‌ನಲ್ಲಿ ನಡೆಯುತ್ತದೆ, ಹೂಸ್ಟನ್‌ನ ಈಝಿ ಟ್ಯಾಗ್ ಡಾಲಸ್‌ನಲ್ಲಿ ನಡೆಯುತ್ತದೆ. ಟ್ಯಾಗ್ ಇಲ್ಲದೆ ಹೋದರೆ ಮನೆಗೆ ಬಿಲ್ ಬರುತ್ತದೆ, ಆ ದರ ಜಾಸ್ತಿ.

ಕಾರಿಲ್ಲದೆ ಬದುಕಬಹುದಾ? ಎರಡೂ ಕಡೆ ಬಹುಪಾಲು ಜನರಿಗೆ ಆಗುವುದಿಲ್ಲ. ಆದರೂ ಕೆಲವು ಸಂದುಗಳಿವೆ. ಹೂಸ್ಟನ್‌ನ ರೆಡ್ ಲೈನ್ ರೈಲು ಡೌನ್‌ಟೌನ್, ಮಿಡ್‌ಟೌನ್, ಮ್ಯೂಸಿಯಂ ಡಿಸ್ಟ್ರಿಕ್ಟ್ ದಾಟಿ ಸೀದಾ ಮೆಡಿಕಲ್ ಸೆಂಟರ್ ಒಳಗೆ ಹೋಗುತ್ತದೆ, ಹಾಗಾಗಿ ಆಸ್ಪತ್ರೆಯ ಕೆಲಸದವರು ಆ ಸಾಲಿನಲ್ಲಿ ಮನೆ ಮಾಡಿದರೆ ಮೊದಲ ವರ್ಷ ಕಾರು ಕೊಳ್ಳದೆ ಕಳೆಯಬಹುದು. ಡೌನ್‌ಟೌನ್ ಆಫೀಸಿನವರಿಗೆ ಕೇಟಿ, ಸೈಪ್ರಸ್ ಕಡೆಯಿಂದ ಪಾರ್ಕ್ ಅಂಡ್ ರೈಡ್ (ಕಾರು ನಿಲ್ಲಿಸಿ ಹತ್ತುವ) ಬಸ್ ಇದೆ, ಚೆನ್ನಾಗಿಯೇ ಓಡುತ್ತದೆ. ಡಾಲಸ್‌ನ ಡಾರ್ಟ್ ರೈಲಿನ ಜಾಲ ಇದಕ್ಕಿಂತ ತುಂಬ ಉದ್ದ, ವಿಮಾನ ನಿಲ್ದಾಣದವರೆಗೂ ಹೋಗುತ್ತದೆ. ಆದರೆ ಫ್ರಿಸ್ಕೊಗೆ ಡಾರ್ಟ್ ರೈಲು ಇಲ್ಲ. ಅಲ್ಲಿ ಮನೆ ಅಂದರೆ ಕಾರು ಅಂತಲೇ ಅರ್ಥ.

ಹೆಜ್ಜೆ 3: ನೀರು, ಆಲಿಕಲ್ಲು, ಕರೆಂಟು

ಹವಾಮಾನದ ವಿಷಯದಲ್ಲಿ ಎರಡಕ್ಕೂ ಬೇರೆ ಬೇರೆ ಕಾಟ ಇದೆ. ಹೂಸ್ಟನ್‌ನ ಬೆವರು ಮಂಗಳೂರು, ಉಡುಪಿ ಕಡೆಯವರಿಗೆ ಹೊಸದೇನಲ್ಲ. ಬೆಂಗಳೂರು, ಮೈಸೂರಿನವರು ಮೊದಲ ಆಗಸ್ಟಿನಲ್ಲಿ ಗೊಣಗುತ್ತಾರೆ. ಡಾಲಸ್‌ನಲ್ಲಿ ಬಿಸಿಲು ಇನ್ನೂ ಚುರುಕು, ಆದರೆ ಅಷ್ಟು ಅಂಟಂಟು ಇರುವುದಿಲ್ಲ, ಮತ್ತು ಚಳಿಗಾಲ ಅಂತ ಒಂದು ನಿಜವಾಗಿ ಬರುತ್ತದೆ.

ಹೂಸ್ಟನ್‌ನಲ್ಲಿ ಮನೆ ನೋಡುವಾಗ ನೀರನ್ನು ಮೊದಲು ನೋಡಿ. 2017 ರ ಆಗಸ್ಟಿನಲ್ಲಿ ಹಾರ್ವೆ ಚಂಡಮಾರುತ ಬಂದಾಗ, ಪ್ರವಾಹದ ನಕ್ಷೆಯಲ್ಲಿ 'ಅಪಾಯ ಇಲ್ಲ' ಅಂತ ಇದ್ದ ಎಷ್ಟೋ ಮನೆಗಳಿಗೂ ನೀರು ನುಗ್ಗಿತು. ಪಶ್ಚಿಮದಲ್ಲಿ ಆಡಿಕ್ಸ್ ಮತ್ತು ಬಾರ್ಕರ್ ಅನ್ನುವ ಎರಡು ಜಲಾಶಯಗಳಿವೆ. ಸಾಮಾನ್ಯ ದಿನಗಳಲ್ಲಿ ಅವು ಒಣ ಪಾರ್ಕಿನಂತೆ ಕಾಣುತ್ತವೆ, ಜನ ಅಲ್ಲಿ ಸೈಕಲ್ ಹೊಡೆಯುತ್ತಾರೆ. ಹಾರ್ವೆಯಲ್ಲಿ ಅವು ತುಂಬಿ ಹಿಂದಿನ ಬಡಾವಣೆಗಳೂ ಮುಳುಗಿದವು, ಗೇಟು ತೆರೆದಾಗ ಮುಂದಿನ ಕೆಳಭಾಗದ ಮನೆಗಳೂ ಮುಳುಗಿದವು. ಎನರ್ಜಿ ಕಾರಿಡಾರ್, ಕೇಟಿ ಕಡೆ ಮನೆ ಹುಡುಕುವವರು ಈ ಎರಡು ಹೆಸರನ್ನು ತಲೆಯಲ್ಲಿ ಇಟ್ಟುಕೊಂಡೇ ಹುಡುಕಿ.

ಬಾಡಿಗೆದಾರರಿಗೆ ಒಂದು ಒಳ್ಳೆಯ ಕಾನೂನು ಇದೆ, ತುಂಬ ಜನ ಓದುವುದೇ ಇಲ್ಲ. 2022 ರ ಜನವರಿಯಿಂದ ಟೆಕ್ಸಸ್‌ನಲ್ಲಿ ಮನೆ ಮಾಲೀಕರು ಆ ಜಾಗ ನೂರು ವರ್ಷದ ಪ್ರವಾಹ ವಲಯದಲ್ಲಿ (ಅಂದರೆ ಯಾವುದೇ ವರ್ಷ ಪ್ರವಾಹ ಬರುವ ಸಾಧ್ಯತೆ ನೂರಕ್ಕೆ ಒಂದು ಇರುವ ಜಾಗದಲ್ಲಿ) ಇದೆಯಾ, ಕಳೆದ ಐದು ವರ್ಷದಲ್ಲಿ ನೀರು ನುಗ್ಗಿ ಹಾನಿಯಾಗಿತ್ತಾ ಅನ್ನುವುದನ್ನು ಬರಹದಲ್ಲಿ ತಿಳಿಸಬೇಕು. ಲೀಸಿನ ಜೊತೆ ಬರುವ ಕಾಗದಗಳಲ್ಲಿ ಆ ಹಾಳೆ ಹುಡುಕಿ ಓದಿ. ಐದು ವರ್ಷಕ್ಕಿಂತ ಹಿಂದಿನದು ಅದರಲ್ಲಿ ಬರಬೇಕಾಗಿಲ್ಲ, ಹಾಗಾಗಿ ಹಾರ್ವೆಯ ಕಥೆಯನ್ನು ಅಕ್ಕಪಕ್ಕದವರನ್ನೇ ಕೇಳಿ ತಿಳಿದುಕೊಳ್ಳಬೇಕು. ನೆಲಮಹಡಿ ಬೇಡ. ಸಾಮಾನ್ಯ ರೆಂಟರ್ಸ್ ಇನ್ಶೂರೆನ್ಸ್‌ನಲ್ಲಿ ಪ್ರವಾಹದ ನಷ್ಟ ಸೇರಿರುವುದಿಲ್ಲ ಅನ್ನುವುದೂ ಗೊತ್ತಿರಲಿ.

ಡಾಲಸ್‌ನ ಕಾಟ ಮೇಲಿನಿಂದ ಬರುತ್ತದೆ. ವಸಂತ ಕಾಲದಲ್ಲಿ ಆಲಿಕಲ್ಲು, ಆಗಾಗ ಟೊರ್ನೇಡೊ ಸೈರನ್. 2019 ರ ಅಕ್ಟೋಬರ್‌ನಲ್ಲಿ ಒಂದು ಟೊರ್ನೇಡೊ ಡಾಲಸ್ ಊರಿನ ಉತ್ತರ ಭಾಗದ ಮೇಲೇ ಹಾದುಹೋಯಿತು. ಕಾರಿಗೆ ಕಾಂಪ್ರಹೆನ್ಸಿವ್ ವಿಮೆ ಇರಲಿ, ಮೇಲೆ ಚಾವಣಿ ಇರುವ ಪಾರ್ಕಿಂಗ್‌ಗೆ ತಿಂಗಳಿಗೆ ಸ್ವಲ್ಪ ಜಾಸ್ತಿ ಕೇಳಿದರೂ ಕೊಡಿ. ಕಾಂಪ್ರಹೆನ್ಸಿವ್ ಇದ್ದರೆ ಹೂಸ್ಟನ್‌ನಲ್ಲಿ ಕಾರಿಗೆ ನೀರು ಹೊಕ್ಕಾಗಲೂ ಉಪಯೋಗಕ್ಕೆ ಬರುತ್ತದೆ.

ಕರೆಂಟು ಎರಡೂ ಕಡೆ ಹೋಗುತ್ತದೆ. 2021 ರ ಫೆಬ್ರುವರಿಯ ಹಿಮಗಾಳಿಯಲ್ಲಿ ಇಡೀ ರಾಜ್ಯವೇ ನಡುಗಿತು. ಆಮೇಲೆ 2024 ರ ಜುಲೈನಲ್ಲಿ ಬೆರಿಲ್ ಚಂಡಮಾರುತಕ್ಕೆ ಹೂಸ್ಟನ್ ಸುತ್ತಮುತ್ತ 20 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ಕರೆಂಟು ಇರಲಿಲ್ಲ, ಕೆಲವರಿಗೆ ಒಂದು ವಾರ ದಾಟಿತು, ಅದೂ ಜುಲೈ ಸೆಕೆಯಲ್ಲಿ. ನನ್ನನ್ನು ಕೇಳಿದರೆ ಈ ಹೆಜ್ಜೆಯಲ್ಲಿ ಡಾಲಸ್‌ಗೇ ಜಾಸ್ತಿ ಅಂಕ.

ಹೆಜ್ಜೆ 4: ಮನೆ ಮತ್ತು ಕರೆಂಟ್ ಪ್ಲ್ಯಾನ್

ಮೊದಲ ವರ್ಷ ಬಾಡಿಗೆಗೇ ಇರಿ. ಸಬರ್ಬ್‌ನಲ್ಲಿ ಹೊಸ ಮನೆಯ ಬೆಲೆ ನೋಡಿ ಬಾಯಿ ಬಿಡುವವರಿಗೆ ಟೆಕ್ಸಸ್‌ನ ಆಸ್ತಿ ತೆರಿಗೆ ಗೊತ್ತಿರುವುದಿಲ್ಲ. ವರ್ಷಕ್ಕೆ ಮನೆಯ ಬೆಲೆಯ ಶೇಕಡಾ 2 ರ ಸುತ್ತಮುತ್ತ ಬರುವುದು ಇಲ್ಲಿ ಮಾಮೂಲಿ. ಹೂಸ್ಟನ್‌ನ ಹೊರವಲಯದ ಹೊಸ ಬಡಾವಣೆಗಳಲ್ಲಿ ನೀರು, ಚರಂಡಿ ಕಟ್ಟಿದ ಸಾಲಕ್ಕೆ ಅಂತ 'ಮಡ್' ತೆರಿಗೆ ಬೇರೆ ಸೇರುತ್ತದೆ.

ಬಾಡಿಗೆ ಹೂಸ್ಟನ್‌ನಲ್ಲಿ ಸ್ವಲ್ಪ ಕಡಿಮೆ, ಆದರೆ ಅದಕ್ಕೋಸ್ಕರ ಊರು ಆರಿಸುವಷ್ಟು ವ್ಯತ್ಯಾಸ ಇಲ್ಲ. ಎರಡೂ ಕಡೆ ಮನೆ ಹುಡುಕಿಕೊಡುವ ಅಪಾರ್ಟ್‌ಮೆಂಟ್ ಲೊಕೇಟರ್‌ಗಳು ಇದ್ದಾರೆ. ಅವರಿಗೆ ಕಮಿಷನ್ ಅಪಾರ್ಟ್‌ಮೆಂಟಿನವರೇ ಕೊಡುತ್ತಾರೆ, ನೀವು ಕೊಡಬೇಕಾಗಿಲ್ಲ. ಕಮಿಷನ್ ಕೊಡದ ಜಾಗಗಳನ್ನು ಅವರು ತೋರಿಸುವುದಿಲ್ಲ, ಅದನ್ನು ನೀವೇ ಹುಡುಕಿಕೊಳ್ಳಿ. ಸಾಮಾನ್ಯವಾಗಿ ಸಂಬಳ ಬಾಡಿಗೆಯ ಮೂರು ಪಟ್ಟು ಇರಬೇಕು ಅಂತ ಕೇಳುತ್ತಾರೆ. 'ಒಂದು ತಿಂಗಳು ಫ್ರೀ' ಅಂದರೆ, ಲೀಸ್ ಮಧ್ಯೆ ಮುರಿದಾಗ ಆ ಫ್ರೀ ತಿಂಗಳ ಹಣ ವಾಪಸ್ ಕೊಡಬೇಕಾ ಅಂತ ಕೇಳಿ. ಬಹಳ ಕಡೆ ಕೊಡಬೇಕು. ಖಾಲಿ ಮಾಡುವ ಮೊದಲು 60 ದಿನದ ನೋಟಿಸ್ ಬೇಕಾ ಅನ್ನುವುದನ್ನೂ ನೋಡಿ, ಲೀಸ್ ಮುಗಿದರೂ ನೋಟಿಸ್ ಕೊಡದಿದ್ದರೆ ಜೇಬಿಗೆ ಕತ್ತರಿ ಬೀಳುತ್ತದೆ.

ಇನ್ನು ಕರೆಂಟ್. ಬೆಸ್ಕಾಂ ಥರ ಒಂದೇ ಕಂಪನಿ ಅಲ್ಲ ಇಲ್ಲಿ. ಡಾಲಸ್‌ನಲ್ಲಿ ತಂತಿ ಆಂಕಾರ್‌ನದು, ಹೂಸ್ಟನ್‌ನಲ್ಲಿ ಸೆಂಟರ್‌ಪಾಯಿಂಟ್‌ನದು, ಆದರೆ ಕರೆಂಟು ಮಾರುವ ಕಂಪನಿಯನ್ನು ನೀವು ಆರಿಸಬೇಕು. 'ಪವರ್ ಟು ಚೂಸ್' ಅನ್ನುವ ಸರ್ಕಾರಿ ಜಾಲತಾಣದಲ್ಲಿ ಝಿಪ್ ಕೋಡ್ ಹಾಕಿದರೆ ಪ್ಲ್ಯಾನ್‌ಗಳ ಉದ್ದನೆ ಪಟ್ಟಿ ಬರುತ್ತದೆ. ಎಲ್ಲಕ್ಕಿಂತ ಮೇಲಿರುವ ಅಗ್ಗದ ಪ್ಲ್ಯಾನ್‌ನಲ್ಲಿ ಬಹಳ ಸಲ ಒಂದು ಕೊಕ್ಕೆ ಇರುತ್ತದೆ: ತಿಂಗಳಿಗೆ 1000 ಯೂನಿಟ್ ದಾಟಿದರೆ ಮಾತ್ರ ರಿಯಾಯಿತಿ, 999 ಆದರೆ ಪೂರ್ತಿ ದರ. ಒಂದು ಬೆಡ್‌ರೂಮಿನಲ್ಲಿ ಒಬ್ಬರೇ ಇರುವವರು ವರ್ಷದ ಬಹುಪಾಲು ತಿಂಗಳು 1000 ದಾಟುವುದಿಲ್ಲ. ಹಾಗಾಗಿ 'ಎಲೆಕ್ಟ್ರಿಸಿಟಿ ಫ್ಯಾಕ್ಟ್ಸ್ ಲೇಬಲ್' ತೆರೆದು 500 ಯೂನಿಟ್‌ಗೆ ಎಷ್ಟು ಅಂತ ಬರೆದಿರುವುದನ್ನೇ ಹೋಲಿಸಿ. ದರ ಬದಲಾಗದ 12 ತಿಂಗಳ ಪ್ಲ್ಯಾನ್ ಸಾಕು. 2021 ರ ಆ ಹಿಮಗಾಳಿಯಲ್ಲಿ ಸಗಟು ದರದ (ಮಾರುಕಟ್ಟೆ ಬೆಲೆಯ ಜೊತೆ ಏರಿಳಿಯುವ) ಪ್ಲ್ಯಾನ್ ಹಿಡಿದಿದ್ದವರಿಗೆ ಸಾವಿರಾರು ಡಾಲರ್ ಬಿಲ್ ಬಂದಿತ್ತು, ಆಮೇಲೆ ಮನೆಗಳಿಗೆ ಅಂಥ ಪ್ಲ್ಯಾನ್ ಮಾರುವುದನ್ನೇ ರಾಜ್ಯ ನಿಷೇಧಿಸಿತು.

ಹೆಜ್ಜೆ 5: ಸಂಜೆ ಮತ್ತು ಶನಿವಾರ

ಮದುವೆಯಾಗಿಲ್ಲ, ಊರೊಳಗೆ ಇರಬೇಕು, ನಡೆದು ಹೋಗಿ ಕಾಫಿ ಕುಡಿಯಬೇಕು, ದಿನಾ ಬೇರೆ ದೇಶದ ಊಟ ಬೇಕು ಅನ್ನುವವರಿಗೆ ನಾನು ಹೂಸ್ಟನ್ ಹೇಳುತ್ತೇನೆ. ಊರನ್ನು ಸುತ್ತುವ 610 ಹೆದ್ದಾರಿಯ ಲೂಪಿನ ಒಳಗೆ ಮಾಂಟ್ರೋಸ್, ಹೈಟ್ಸ್, ಮಿಡ್‌ಟೌನ್, ರೈಸ್ ವಿಲೇಜ್ ಇವೆ. ಹೂಸ್ಟನ್‌ನಲ್ಲಿ ಇಂಥ ಕಡೆ ಮನೆ, ಇಂಥ ಕಡೆ ಅಂಗಡಿ ಅನ್ನುವ ಝೋನಿಂಗ್ ಕಾನೂನು ಇಲ್ಲ, ಹಾಗಾಗಿ ಟೈರ್ ಅಂಗಡಿ ಪಕ್ಕದಲ್ಲೇ ಟೌನ್‌ಹೌಸ್, ಅದರ ಪಕ್ಕದಲ್ಲೇ ಒಳ್ಳೆಯ ವಿಯೆಟ್ನಾಂ ಹೋಟೆಲ್. ನೋಡಲು ಅಂದವಿಲ್ಲ, ಇರಲು ಮಜಾ. ಹಿಲ್‌ಕ್ರಾಫ್ಟ್ ಸುತ್ತಮುತ್ತ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್ ಅಂತಲೇ ಬೋರ್ಡು ಇದೆ, ಸೀರೆ, ಚಿನ್ನ, ದಿನಸಿ, ಚಾಟ್ ಎಲ್ಲ ಅಲ್ಲಿ. ಮೆನಿಲ್ ಕಲೆಕ್ಷನ್ ಅನ್ನುವ ಕಲಾ ಸಂಗ್ರಹಾಲಯಕ್ಕೆ ಟಿಕೆಟ್ ಇಲ್ಲ. ಸಮುದ್ರ ಬೇಕು ಅಂದರೆ ಗ್ಯಾಲ್ವೆಸ್ಟನ್ 50 ಮೈಲಿ. ನೀರು ಕಂದು ಬಣ್ಣ, ಮಲ್ಪೆಯ ಹುಡುಗರು ಮೂಗು ಮುರಿಯುತ್ತಾರೆ, ಆದರೂ ಸಮುದ್ರ ಸಮುದ್ರವೇ.

ಡಾಲಸ್‌ನಲ್ಲಿ ಅದೇ ವಯಸ್ಸಿನವರು ಅಪ್‌ಟೌನ್, ಲೋವರ್ ಗ್ರೀನ್‌ವಿಲ್, ಬಿಷಪ್ ಆರ್ಟ್ಸ್, ಡೀಪ್ ಎಲಮ್ ಕಡೆ ಇರುತ್ತಾರೆ. ಹೈವೇ ಮೇಲೆ ಚಾವಣಿ ಹಾಕಿ 2012 ರಲ್ಲಿ ಮಾಡಿದ ಕ್ಲೈಡ್ ವಾರನ್ ಪಾರ್ಕ್ ಚೆನ್ನಾಗಿದೆ, ಕೇಟಿ ಟ್ರೇಲ್‌ನಲ್ಲಿ ಸಂಜೆ ಓಡುವವರ ಜಾತ್ರೆ. (ಇದು ಹೂಸ್ಟನ್ ಕಡೆಯ ಕೇಟಿ ಅಲ್ಲ, ಡಾಲಸ್‌ನದೇ.) ಅಪ್‌ಟೌನ್ ಸ್ವಲ್ಪ ತೋರಿಕೆಯ ಜಾಗ ಅನ್ನುವುದು ನನ್ನ ಅನಿಸಿಕೆ, ಒಪ್ಪದವರು ಬೈಯಬಹುದು.

ಆದರೆ ಸುತ್ತ ಕನ್ನಡ ಕೇಳಬೇಕು, ಕೆಲವೇ ವರ್ಷದಲ್ಲಿ ಮದುವೆ, ಮನೆ ಅಂತ ಯೋಚನೆ ಇದೆ ಅನ್ನುವವರಿಗೆ ಡಾಲಸ್ ಸುಲಭ. ಅರ್ವಿಂಗ್‌ನ ವ್ಯಾಲಿ ರ‍್ಯಾಂಚ್, ಲಾಸ್ ಕೊಲಿನಾಸ್‌ನಲ್ಲಿ ಒಂದು ರೂಮ್ ಶೇರ್ ಮಾಡಿಕೊಂಡು ಶುರು ಮಾಡುವವರು ತುಂಬ ಜನ. ಫ್ರಿಸ್ಕೊದಲ್ಲಿ ಕಾರ್ಯಸಿದ್ಧಿ ಹನುಮಾನ್ ದೇವಸ್ಥಾನ ಇದೆ. ಮಲ್ಲಿಗೆ ಕನ್ನಡ ಸಂಘ ಇದೆ, 2018 ರಲ್ಲಿ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟ 'ಅಕ್ಕ'ದ ವಿಶ್ವ ಕನ್ನಡ ಸಮ್ಮೇಳನ ಡಾಲಸ್‌ನಲ್ಲೇ ಆಯಿತು. ಹೂಸ್ಟನ್‌ನಲ್ಲಿ ಕನ್ನಡ ವೃಂದ ಇದೆ, ಪೇರ್‌ಲ್ಯಾಂಡ್‌ನಲ್ಲಿ ಮೀನಾಕ್ಷಿ ದೇವಸ್ಥಾನ ಇದೆ. ಅಲ್ಲಿ ಒಬ್ಬರನ್ನು ನೋಡಲು ಶುಗರ್ ಲ್ಯಾಂಡ್, ಇನ್ನೊಬ್ಬರನ್ನು ನೋಡಲು ಸೈಪ್ರಸ್ ಅಂತ ಓಡಾಡಬೇಕು. ಕ್ರಿಕೆಟ್ ಹುಚ್ಚಿದ್ದರೆ ಡಾಲಸ್ ಪಕ್ಕದ ಗ್ರ್ಯಾಂಡ್ ಪ್ರೇರಿ ಸ್ಟೇಡಿಯಂ ಸಾಕು: 2024 ರ ಟಿ20 ವಿಶ್ವಕಪ್‌ನಲ್ಲಿ ಅಮೆರಿಕ ಪಾಕಿಸ್ತಾನವನ್ನು ಸೋಲಿಸಿದ್ದು ಅಲ್ಲೇ.

ಊರಿಗೆ ಹೋಗಿಬರುವ ವಿಷಯದಲ್ಲಿ ತೂಕ ಸಮ. ಎರಡೂ ಕಡೆಯಿಂದ ದುಬೈ, ದೋಹಾ ಮೂಲಕ ಬೆಂಗಳೂರಿಗೆ ಒಂದೇ ಸ್ಟಾಪ್. ಭಾರತದ ಕಾನ್ಸುಲೇಟ್ ಇರುವುದು ಹೂಸ್ಟನ್‌ನಲ್ಲಿ.

ಹೆಜ್ಜೆ 6: ಹೋಗಿ ನೋಡಿ, ಆಮೇಲೆ ಸಹಿ ಹಾಕಿ

ಎರಡರ ಮಧ್ಯೆ ಐ-45 ಹೆದ್ದಾರಿಯಲ್ಲಿ 240 ಮೈಲಿ, ಸುಮಾರು ನಾಲ್ಕು ಗಂಟೆ. ಒಂದೇ ಸಲ ಬಂದು ಎರಡನ್ನೂ ನೋಡಬಹುದು. ವಾರಾಂತ್ಯಕ್ಕೆ ಬರಬೇಡಿ, ಗುರುವಾರ ಬನ್ನಿ. ಶನಿವಾರ ಎರಡೂ ಊರು ಚೆನ್ನಾಗಿಯೇ ಕಾಣುತ್ತವೆ. ಗುರುವಾರ ಬೆಳಿಗ್ಗೆ ಎಂಟಕ್ಕೆ ಮನೆಯ ಜಾಗದಿಂದ ಆಫೀಸಿನ ಬಾಗಿಲವರೆಗೆ ಕಾರು ಓಡಿಸಿ, ಪಾರ್ಕಿಂಗ್ ಹುಡುಕುವುದನ್ನೂ ಸೇರಿಸಿ ಸಮಯ ನೋಡಿ. ಅಪಾರ್ಟ್‌ಮೆಂಟಿಗೆ ರಾತ್ರಿ ಒಂಬತ್ತರ ಮೇಲೆ ಇನ್ನೊಂದು ಸಲ ಹೋಗಿ. ಗೇಟು ಮುರಿದಿದೆಯಾ, ಅತಿಥಿ ಪಾರ್ಕಿಂಗ್ ತುಂಬಿದೆಯಾ, ಕಾರಿನ ಗಾಜು ಒಡೆದ ಚೂರು ಬಿದ್ದಿದೆಯಾ, ಎಲ್ಲ ಆಗ ಕಾಣುತ್ತದೆ. ಲೀಸಿಂಗ್ ಆಫೀಸಿನವರು ತೋರಿಸುವುದು ಹಗಲಿನ ಮಾಡೆಲ್ ಮನೆಯನ್ನು ಮಾತ್ರ.

ಹೆಜ್ಜೆ 7: ಬಂದ ಮೇಲಿನ ಕಾಗದ

ಬೇರೆ ರಾಜ್ಯದಿಂದ ಬಂದರೆ ಕಾರನ್ನು 30 ದಿನದೊಳಗೆ ಟೆಕ್ಸಸ್‌ನಲ್ಲಿ ರಿಜಿಸ್ಟರ್ ಮಾಡಿಸಬೇಕು, ಡ್ರೈವಿಂಗ್ ಲೈಸೆನ್ಸ್ 90 ದಿನದೊಳಗೆ. ಲೈಸೆನ್ಸ್ ಅಪಾಯಿಂಟ್‌ಮೆಂಟ್ ಬೇಗ ಸಿಗುವುದಿಲ್ಲ, ವಿಳಾಸ ಸಿಕ್ಕ ದಿನವೇ ಬುಕ್ ಮಾಡಿ. 2025 ರಿಂದ ಸಾಮಾನ್ಯ ಕಾರುಗಳ ಸೇಫ್ಟಿ ತಪಾಸಣೆ ತೆಗೆದುಹಾಕಿದ್ದಾರೆ, ಆದರೆ ಡಾಲಸ್, ಕಾಲಿನ್, ಡೆಂಟನ್, ಟ್ಯಾರಂಟ್, ಹ್ಯಾರಿಸ್ ಕೌಂಟಿಗಳಲ್ಲಿ ಹೊಗೆ ತಪಾಸಣೆ ಇನ್ನೂ ಇದೆ.

ಎಚ್1ಬಿಯವರಿಗೆ ಇನ್ನೊಂದು. ಡಾಲಸ್ ಪ್ರದೇಶದೊಳಗೇ ಅರ್ವಿಂಗ್ ಆಫೀಸಿನಿಂದ ಪ್ಲೇನೊ ಆಫೀಸಿಗೆ ಕಳಿಸಿದರೆ ಸಾಮಾನ್ಯವಾಗಿ ಹೊಸ ಅರ್ಜಿ ಬೇಡ. ಅದೇ ಕಂಪನಿಯೇ ಡಾಲಸ್‌ನಿಂದ ಹೂಸ್ಟನ್ ಆಫೀಸಿಗೆ ಕಳಿಸಿದರೆ, ಅಥವಾ ನೀವೇ ಹೂಸ್ಟನ್‌ಗೆ ಹೋಗಿ ಮನೆಯಿಂದ ಕೆಲಸ ಮಾಡುತ್ತೇನೆ ಅಂದರೆ, ಹೋಗುವ ಮೊದಲೇ ಕಂಪನಿ ಅಮೆಂಡ್‌ಮೆಂಟ್ (ವೀಸಾ ಅರ್ಜಿಗೆ ತಿದ್ದುಪಡಿ) ಹಾಕಿರಬೇಕು. ಮ್ಯಾನೇಜರ್ 'ಹೋಗಿ, ತೊಂದರೆ ಇಲ್ಲ' ಅಂದರೆ ಸಾಲದು. ಕಂಪನಿಯ ಇಮಿಗ್ರೇಷನ್ ವಕೀಲರಿಂದ ಇಮೇಲ್ ಬಂದ ಮೇಲೆಯೇ ಟ್ರಕ್ ಬುಕ್ ಮಾಡಿ.